ಎಡತೋಳು

ಅಕ್ಟೋಬರ್ 9, ಬುಧವಾರ

ನಾದಿನಿ ಕಳಿಸಿದ ಪಾರ್ಸೆಲ್ ಬಂತು. ಹತ್ತು ಉಂಡೆ ಉಲ್ಲನ್, ಬೂದು ಬೆರೆತ ನೀಲಿ ಬಣ್ಣ. ಅವಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಚಳಿಯಂತೆ. ಯೂನಿಫಾರ್ಮಿನ ಮೇಲೆ ಹಾಕಿಕೊಳ್ಳಲು ಮುಂದೆ ಗುಂಡಿ ಇರುವ ಸ್ವೆಟರ್ ಬೇಕಂತೆ, ಅದೂ ಅಮ್ಮನ ಕೈಯದೇ ಆಗಬೇಕಂತೆ. ಅತ್ತೆಯವರು ಒಂದು ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡು, "ಪರವಾಗಿಲ್ಲ, ಚುಚ್ಚಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮುಟ್ಟಬೇಡ, ಕೈಗೆ ಎಣ್ಣೆ ಇರುತ್ತೆ" ಅಂದರು. ನನ್ನ ಕೈಗೆ ಎಣ್ಣೆ ಇರಲಿಲ್ಲ. ದಿನಾ ಬೆಳಿಗ್ಗೆ ಉಲ್ಲನ್ ಅಂಗಡಿಯಲ್ಲಿ ಕೆಲಸ ಮಾಡುವವಳು ನಾನು, ಮಧ್ಯಾಹ್ನದೊಳಗೆ ನೂರು ಉಂಡೆ ಮುಟ್ಟಿರುತ್ತೇನೆ. ಹೇಳಲಿಲ್ಲ.

ಸಂಜೆ ನಾದಿನಿಯ ಫೋನು. ಅತ್ತೆಯವರ ಜೊತೆ ಮಾತಾಡಿ ಮುಗಿಸಿದ ಮೇಲೆ ನನ್ನನ್ನು ಕರೆದಳು.

"ಅತ್ತಿಗೆ, ನಿಜ ಹೇಳಿ. ಅಮ್ಮ ಹೇಗಿದಾಳೆ?"

"ಚೆನ್ನಾಗಿದಾರಲ್ಲ. ಯಾಕೆ ಹಾಗೆ ಕೇಳ್ತೀಯ?"

"ಹೋದ ಸಲ ಬಂದಾಗ ಒಂದೇ ಮಾತನ್ನ ಮೂರು ಸಲ ಕೇಳಿದ್ಲು. ಇಂಥವರನ್ನ ವಾರ್ಡಲ್ಲಿ ದಿನಾ ನೋಡ್ತೀನಿ ನಾನು. ಉಲ್ಲನ್ ಕಳಿಸಿದ್ದು ಅದಕ್ಕೇ. ಬಾಯಲ್ಲಿ ಹೇಗೋ ನಿಭಾಯಿಸಿಬಿಡ್ತಾಳೆ, ಕೈಯಲ್ಲಿ ಆಗಲ್ಲ. ಹೆಣಿಗೆ ಲೆಕ್ಕ ತಪ್ಪದೆ ಬಂತು ಅಂದ್ರೆ ನಂಗೆ ನಿಶ್ಚಿಂತೆ. ತಪ್ಪಿದ್ರೆ ಇಲ್ಲಿಗೇ ಕರ್ಕೊಂಡು ಬರ್ತೀನಿ. ಆಸ್ಪತ್ರೆ ಪಕ್ಕದಲ್ಲೇ ವಯಸ್ಸಾದವರನ್ನ ಹಗಲು ಹೊತ್ತು ನೋಡ್ಕೊಳ್ಳೋ ಮನೆ ಇದೆ."

ಡಿಸೆಂಬರಿನಲ್ಲಿ ರಜೆ ಹಾಕಿ ಬರುತ್ತಾಳಂತೆ. ಅಷ್ಟರಲ್ಲಿ ಮುಗಿದಿರಲಿ ಅಂದಳು.

ಕರೆದುಕೊಂಡು ಹೋದರೆ ಬೀದಿಯವರೆಲ್ಲ ಏನು ಅಂತಾರೆ? ಸೊಸೆ ಸಾಗಹಾಕಿದಳು ಅಂತಾರೆ. ನಮ್ಮ ಮನೆಯವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ಸುಳ್ಳು ಯಾಕೆ ಬರೆಯಲಿ, ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಈ ಹೆಂಗಸು ಮಗಳ ಮನೆಗಾದರೂ ಹೋಗಬಾರದೇ ಅಂತ ನಾನೇ ಎಷ್ಟು ಸಲ ಅಂದುಕೊಂಡಿದ್ದೇನೆ.

ಈ ಪುಸ್ತಕ ಅಂಗಡಿಯದು. ಹಿಂದಿನ ಅರ್ಧ ಖಾಲಿ ಇತ್ತು, ಎಸೆಯುವುದಕ್ಕೆ ಇಟ್ಟಿದ್ದರು. ಆರನೇ ಕ್ಲಾಸಿನಲ್ಲಿ ಒಂದು ಸಲ, ಎಂಟನೇದರಲ್ಲಿ ಒಂದು ಸಲ ಶಾಲೆ ಬಿಟ್ಟವಳು ನಾನು, ಬರೆಯುವುದೇನು ಬಂದೀತು. ಆದರೆ ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ.

ಅಕ್ಟೋಬರ್ 15, ಮಂಗಳವಾರ

ಬೆನ್ನಿನ ಭಾಗ ಶುರುವಾಗಿದೆ. ಅತ್ತೆಯವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕಡ್ಡಿ ಆಡಿಸುತ್ತಿದ್ದರೆ ನೋಡುವುದಕ್ಕೆ ಚೆಂದ. ಕೈ ನೋಡುವುದೇ ಇಲ್ಲ, ಬೀದಿ ನೋಡುತ್ತಿರುತ್ತಾರೆ. ಟೀ ಇಡಲು ಹೋದಾಗ ಕಡ್ಡಿಯ ಮೇಲಿನ ಕುಣಿಕೆಗಳನ್ನು ಕಣ್ಣಲ್ಲೇ ಎಣಿಸಿದೆ. ನಾದಿನಿಯ ಅಳತೆಗೆ ತೊಂಬತ್ತಾರು ಇರಬೇಕಾದಲ್ಲಿ ನೂರಹನ್ನೊಂದು. ಮತ್ತೆ ಎಣಿಸಿದೆ. ನೂರಹನ್ನೊಂದೇ.

"ಏನು ನೋಡ್ತಿದೀಯ? ಕಣ್ಣು ಹಾಕ್ತಿದೀಯಾ?" ಅಂದರು.

"ಇಲ್ಲ ಅತ್ತೆ, ಬಣ್ಣ ಚೆನ್ನಾಗಿದೆ."

"ಬಣ್ಣ ನೋಡಿ ಹೊಗಳೋರಿಗೆ ಹೆಣಿಗೆ ಅರ್ಥ ಆಗಲ್ಲ."

ಇವರು ದೂರದ ಬಸ್ಸು ಓಡಿಸುತ್ತಾರೆ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಇವತ್ತು ಇದ್ದರು. ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದೆ. "ಎಪ್ಪತ್ತೆರಡು ಆಯ್ತಲ್ಲ, ನಾಲ್ಕು ಕುಣಿಕೆ ಹೆಚ್ಚುಕಮ್ಮಿ ಆಗುತ್ತೆ. ತಂಗಿ ಕಿವಿಗೆ ಹಾಕಬೇಡ, ಊರೆಲ್ಲ ಒಂದು ಮಾಡ್ತಾಳೆ" ಅಂದರು. ನಾಲ್ಕಲ್ಲ, ಹದಿನೈದು ಅಂದೆ. ನೀರು ಕುಡಿದು ಹೊರಗೆ ಹೋದರು.

ಅಕ್ಟೋಬರ್ 16, ಬುಧವಾರ

ಮಾಡಿಬಿಟ್ಟೆ.

ಊಟವಾದ ಮೇಲೆ ಎರಡರಿಂದ ಮೂರೂವರೆಯವರೆಗೆ ಅತ್ತೆಯವರು ಮಲಗುತ್ತಾರೆ. ಚೀಲವನ್ನು ಎತ್ತಿಕೊಂಡು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಎಲ್ಲಿ ಹೆಚ್ಚಾಗಿದೆಯೋ ಅಲ್ಲಿಯವರೆಗೆ ಬಿಚ್ಚಿದೆ. ಬಿಚ್ಚುವಾಗ ಆ ಸರಸರ ಸದ್ದಿಗೆ ಎರಡು ಸಲ ಎದ್ದು ಒಳಗೆ ಇಣುಕಿ ಬಂದೆ. ಮತ್ತೆ ತೊಂಬತ್ತಾರಕ್ಕೆ ತಂದು, ಅವರು ಎಷ್ಟು ಸಾಲು ಮುಗಿಸಿದ್ದರೋ ಅಷ್ಟೇ ಸಾಲು ಹೆಣೆದಿಟ್ಟೆ. ಎಷ್ಟಿತ್ತು ಅಂತ ಗೊತ್ತಾಗಲಿ ಎಂದು ಬಿಚ್ಚುವ ಮೊದಲೇ ಸಾಲು ಎಣಿಸಿಕೊಂಡಿದ್ದೆ. ಹೆಣಿಗೆ ನನಗೆ ಅಂಗಡಿಯಮ್ಮ ಕಲಿಸಿದ್ದು. ಮನೆಯಲ್ಲಿ ನಾನು ಕಡ್ಡಿ ಹಿಡಿದದ್ದನ್ನು ಅತ್ತೆಯವರು ನೋಡಿಯೇ ಇಲ್ಲ.

ಎದ್ದು ಬಂದು ಕೂತರು. ಚೀಲದಿಂದ ತೆಗೆದರು. ಒಂದು ಸಲ ಬೆರಳಲ್ಲಿ ಸವರಿದರು. ಹೆಣೆಯಲು ಶುರು ಮಾಡಿದರು.

ಅಕ್ಟೋಬರ್ 26, ಶನಿವಾರ

ದಿನಾ ಇದೇ ಕೆಲಸ. ಮಧ್ಯಾಹ್ನ ಒಂದೂವರೆ ಗಂಟೆ ಕಲ್ಲಿನ ಮೇಲೆ. ಬೆನ್ನು ಮುಗಿದು ಈಗ ಎಡ ಮುಂಭಾಗ. ಗುಂಡಿ ಹೊಲಿಯುವ ಪಟ್ಟಿ ಅದರ ಜೊತೆಗೇ ಬರುತ್ತದೆ. ಇವತ್ತು ಇನ್ನೊಂದು ಕಂಡುಹಿಡಿದೆ. ಅತ್ತೆಯವರು ಸಾಲಿನ ಮೊದಲ ಕುಣಿಕೆಯನ್ನು ಹೆಣೆಯುವುದೇ ಇಲ್ಲ! ಸುಮ್ಮನೆ ಈ ಕಡ್ಡಿಯಿಂದ ಆ ಕಡ್ಡಿಗೆ ದಾಟಿಸಿಬಿಟ್ಟಿದ್ದಾರೆ. ಒಂದು ಸಾಲಲ್ಲ, ಎಲ್ಲ ಸಾಲಿನಲ್ಲೂ. ಪಾಪ, ಅಷ್ಟೂ ಮರೆತಿದ್ದಾರೆ. ಎಲ್ಲವನ್ನೂ ಬಿಚ್ಚಿ, ಮೊದಲ ಕುಣಿಕೆಯಿಂದ ಸರಿಯಾಗಿ ಹೆಣೆದೆ. ಬೆನ್ನಿನಲ್ಲಿ ನಾನು ಗಮನಿಸಲಿಲ್ಲ, ಅದರ ಅಂಚು ಪಕ್ಕದ ಹೊಲಿಗೆಯೊಳಗೆ ಹೋಗುತ್ತದೆ, ಕಾಣುವುದಿಲ್ಲ.

ಬೆರಳು ನೋಯುತ್ತಿದೆ. ಅಂಗಡಿಯಮ್ಮ, "ಏನು, ಮನೇಲಿ ಕಾರ್ಖಾನೆ ಇಟ್ಟಿದೀಯಾ?" ಅಂತ ಕೇಳಿದರು. ನಕ್ಕು ಉಂಡೆ ಜೋಡಿಸಲು ಹೋದೆ.

ನವೆಂಬರ್ 5, ಮಂಗಳವಾರ

ಇವತ್ತು ಏನಾಯಿತು ಅಂದರೆ, ಅತ್ತೆ ಬಲ ಮುಂಭಾಗ ಮುಗಿಯಿತು ಅಂತ ನನ್ನ ಮುಂದೆ ಹಿಡಿದರು. ಅವರಾಗಿಯೇ ಯಾವತ್ತೂ ನನಗೆ ತೋರಿಸಿದವರಲ್ಲ. ನೋಡಿದೆ. ಕಾಜ ಇಲ್ಲ. ಕುತ್ತಿಗೆಯ ಇಳಿಜಾರು ಎಡಕ್ಕೇ ಇದೆ. ಒಂದರ ಮೇಲೊಂದು ಇಟ್ಟರೆ ಒಂದೇ ಅಚ್ಚು. ಎರಡೂ ಎಡಭಾಗವೇ.

"ಹೇಗಿದೆ?"

ಏನು ಹೇಳಲಿ. "ಚೆನ್ನಾಗಿದೆ ಅತ್ತೆ."

"ಚೆನ್ನಾಗಿದೆ ಅಂದ್ರೆ ಸಾಕಾ? ನಿನ್ನ ಬಾಯಲ್ಲಿ ಎರಡನೇ ಮಾತೇ ಇಲ್ಲವಲ್ಲ. ನನ್ನ ಮಗ ಬಸ್ಸಲ್ಲಿ ಹೋಗಿ ಹೋಗಿ ಮೂಕಿಯನ್ನ ಹುಡುಕ್ಕೊಂಡು ಬಂದ."

ಹೇಳಿ ಅವರೇ ನಕ್ಕರು. ನನಗೂ ನಗು ಬಂತು. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅತ್ತೆ ಅಂದರೆ ಅಳುವುದು.

ಈಗ ಆ ತುಂಡನ್ನು ಪೂರ್ತಿ ಬಿಚ್ಚಬೇಕು. ಆರೇಳು ದಿನ ಬೇಕು. ಅಷ್ಟರವರೆಗೆ ಅವರು ಬಲತೋಳು ಹೆಣೆಯಲಿ ಅಂತ ಕುಣಿಕೆ ಎತ್ತಿಕೊಟ್ಟೆ. ನಾನು ಎತ್ತಿಕೊಟ್ಟೆ! ಅವರೂ ತೆಗೆದುಕೊಂಡರು. ಮುಟ್ಟಬೇಡ ಅನ್ನಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ನವೆಂಬರ್ 12, ಮಂಗಳವಾರ

ಬಲಭಾಗ ಮುಗಿಸಿದೆ. ಏಳು ಕಾಜ. ಅತ್ತೆ ಕೇಳಲೇ ಇಲ್ಲ. ತಾನೇ ಹೆಣೆದದ್ದು ಅಂದುಕೊಂಡಿದ್ದಾರೆ.

ನವೆಂಬರ್ 19, ಮಂಗಳವಾರ

ಅಂಗಡಿಯಿಂದ ಒಂದೂವರೆಗೆ ಬಂದೆ. ಬಾಗಿಲಿಗೆ ಒಳಗಿನಿಂದ ಚಿಲಕ.

"ಅತ್ತೆ, ಬಾಗಿಲು ತೆಗೀರಿ."

"ಯಾರದು?"

"ನಾನು."

"ನಾನು ಅಂದ್ರೆ ಯಾರು? ಈ ಊರಲ್ಲಿ ಎಲ್ಲರೂ ನಾನೇ."

ಹೆಸರು ಹೇಳಿದೆ. ಅಂಥವರು ಇಲ್ಲಿ ಯಾರೂ ಇಲ್ಲ ಅಂದರು. ನಿಮ್ಮ ಸೊಸೆ ಅಂದೆ. "ನನ್ನ ಮಗನಿಗೆ ಇನ್ನೂ ಮದುವೆ ಆಗಿಲ್ಲ ಕಣಮ್ಮ, ಶಾಲೆಗೆ ಹೋಗಿದಾನೆ" ಅಂತ ಬಹಳ ಮರ್ಯಾದೆಯಿಂದ ಹೇಳಿದರು. ಹನ್ನೆರಡು ವರ್ಷದಲ್ಲಿ ನನ್ನ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದು ಅದೇ ಮೊದಲು.

ಒಳಗೆ ಏನೋ ಸೀದ ವಾಸನೆ. ಕಿಟಕಿಗೆ ಓಡಿದೆ, ಅದೂ ಹಾಕಿತ್ತು. ಪಕ್ಕದ ಮನೆಯವರನ್ನು ಕರೆಯೋಣ ಅಂದರೆ ನಾಳೆ ನಾದಿನಿಗೆ ಸುದ್ದಿ ಹೋಗುತ್ತದೆ. ಆ ಹೊತ್ತಿನಲ್ಲೂ ನಾನು ಅದನ್ನೇ ಯೋಚಿಸಿದೆ. ಬರೆಯುವಾಗ ನಾಚಿಕೆಯಾಗುತ್ತಿದೆ.

ಕೊನೆಗೆ ಬಾಗಿಲಿಗೆ ಬಾಯಿಟ್ಟು, "ಅಮ್ಮಾ, ಉಲ್ಲನ್ ಅಂಗಡಿಯಿಂದ ಬಂದಿದೀನಿ. ಬಣ್ಣ ಸರಿಹೋಗುತ್ತಾ ನೋಡಬೇಕಂತೆ" ಅಂದೆ.

ಚಿಲಕ ತೆಗೆದರು. "ಮೊದಲೇ ಹೇಳೋದಲ್ವಾ?"

ಒಲೆಯ ಮೇಲೆ ಟೀ ಪಾತ್ರೆ ತಳ ಕರಿದಾಗಿತ್ತು. ಆರಿಸಿದೆ. ಅವರು ನನಗೆ ಕುರ್ಚಿ ಕೊಟ್ಟು, "ಬಿಸಿಲಲ್ಲಿ ಬಂದಿದೀಯ, ನೀರು ಕುಡಿ" ಅಂದರು. ಕುಡಿದೆ. ಮಲಗಿ ಎದ್ದ ಮೇಲೆ ಎಲ್ಲ ಸರಿಯಾಗಿತ್ತು. "ಪಾತ್ರೆ ಸೀಯಿಸಿದೀಯ, ಗಮನ ಎಲ್ಲಿತ್ತು?" ಅಂತ ಬೈದರು. ನನ್ನದೇ ತಪ್ಪು ಅತ್ತೆ ಅಂದೆ.

ನವೆಂಬರ್ 22, ಶುಕ್ರವಾರ

ಮನೆಯಲ್ಲಿ ಒಬ್ಬರನ್ನೇ ಬಿಡುವ ಧೈರ್ಯವಿಲ್ಲ. ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೇನೆ. ಅಂಗಡಿಯಮ್ಮನಿಗೆ ಹೇಗೆ ಹೇಳಲಿ ಅಂತ ರಾತ್ರಿಯೆಲ್ಲ ಮಾತು ಕೂಡಿಸಿಕೊಂಡಿದ್ದೆ. ಅವರು ಮುಖ ನೋಡಿಯೇ, "ಆ ಮೂಲೆ ಸ್ಟೂಲಲ್ಲಿ ಕೂರಿಸು" ಅಂದರು, ಅಷ್ಟೇ.

ಒಬ್ಬಳು ಗಿರಾಕಿ ಬಂದಳು, ಮಗುವಿಗೆ ಗಾಢ ಕೆಂಪು ಕೊಡಿ ಅಂತ. ಮೂಲೆಯಿಂದ ಅತ್ತೆ: "ಒಗೆದ್ರೆ ಮಗು, ಮಂಚ, ಗಂಡ ಎಲ್ಲಾ ಕೆಂಪಾಗುತ್ತೆ. ತಿಳಿ ಬಣ್ಣ ತಗೋ." ಅವಳು ನಗುತ್ತಾ ತಿಳಿ ಹಳದಿ ತೆಗೆದುಕೊಂಡು ಹೋದಳು. ಅಂಗಡಿಯಮ್ಮ ನನಗೆ, "ನಿನ್ನ ಬದಲು ಇವರನ್ನೇ ಇಟ್ಕೋಬಹುದಿತ್ತು" ಅಂದರು.

ದಾರಿಯಲ್ಲಿ ರಸ್ತೆ ದಾಟುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು, ಮನೆ ಬರುವವರೆಗೂ ಬಿಡಲಿಲ್ಲ. ಕೈ ಬೆವರಿತ್ತು. ಯಾರದೋ ಗೊತ್ತಿಲ್ಲ.

ಡಿಸೆಂಬರ್ 5, ಗುರುವಾರ

ಬಲತೋಳೂ ಆಯಿತು. ಅವರು ಹೆಣೆದದ್ದು ಕಾಲುಭಾಗ ಉಳಿದಿರಬಹುದು, ಮಿಕ್ಕದ್ದು ನನ್ನದು. ಬೆನ್ನು, ಎರಡು ಮುಂಭಾಗ, ಬಲತೋಳು ಜೋಡಿಸಿಟ್ಟೆ. ಎಡತೋಳು ಒಂದೇ ಬಾಕಿ. ನಾದಿನಿ ಶನಿವಾರ ಬರುತ್ತಾಳೆ. ಇಡೀ ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿದೆ, ಒಂದು ಕುಣಿಕೆ ತಪ್ಪಿಲ್ಲ. ಯಾರು ನೋಡಿದರೂ ಏನೂ ಹೇಳುವ ಹಾಗಿಲ್ಲ.

ಡಿಸೆಂಬರ್ 8, ಭಾನುವಾರ

ನಿನ್ನೆ ಬಂದಳು. ನಿನ್ನೆ ಎಲ್ಲ ಚೆನ್ನಾಗಿತ್ತು. ಅತ್ತೆ ಮಗಳನ್ನು ಗುರುತಿಸಿದರು, ತೆಳ್ಳಗಾಗಿದೀಯ ಅಂದರು, ಆಸ್ಪತ್ರೆಯ ಊಟವನ್ನು ಬೈದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ಇದ್ದೆ. ಒಂದೇ ಮಾತು ಎರಡನೇ ಸಲ ಬರುತ್ತದೆ ಅನ್ನುವಾಗ ನಡುವೆ ಬಾಯಿ ಹಾಕಿ ಟೀ ಬೇಕಾ ಅಂತ ಕೇಳುತ್ತಿದ್ದೆ. ಒಂದು ದಿನಕ್ಕೆ ಒಂಬತ್ತು ಸಲ ಟೀ ಮಾಡಿದೆ.

ಇವತ್ತು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ನಾದಿನಿ ಸ್ವೆಟರ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಒಂದು ತೋಳು ಇದೆ, ಇನ್ನೊಂದು ಕಡೆ ಬರಿ ಕೈ. ಚೆನ್ನಾಗಿ ಕೂತಿತ್ತು. ಗುಂಡಿ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಗೆ ಸವರಿದಳು. ಮತ್ತೆ ಕೆಳಗಿಂದ ಮೇಲೆ. ನಿಂತಳು.

"ಇದು ಅಮ್ಮನ ಕೈಯಲ್ಲ."

"ಅಯ್ಯೋ, ಅವರದೇ. ಇನ್ಯಾರದು?"

"ಅಮ್ಮ ಯಾವತ್ತೂ ಅಂಚಿನ ಮೊದಲ ಕುಣಿಕೆ ಹೆಣೆಯಲ್ಲ. ದಾಟಿಸ್ತಾಳೆ. ಅಂಚು ಜಡೆ ಹೆಣೆದ ಹಾಗೆ ಬರುತ್ತೆ. ಚಿಕ್ಕೋಳಿದ್ದಾಗ ಶಾಲೇಲಿ ಕೂತು ಆ ಜಡೆ ಎಣಿಸ್ತಿದ್ದೆ ನಾನು. ಇದರಲ್ಲಿ ಗಂಟು ಗಂಟು ಇದೆ. ಯಾರು ಹೆಣೆದಿದ್ದು ಅತ್ತಿಗೆ?"

ಅವರು ಮರೆತದ್ದು ಅಂದುಕೊಂಡು ನಾನು ಬಿಚ್ಚಿದ್ದೆ. ಇಡೀ ಸ್ವೆಟರಿನಲ್ಲಿ ಅವರು ಮರೆಯದೆ ಇದ್ದದ್ದು ಅದೊಂದೇ.

"ಮಾತಾಡಿ."

ಹೇಳಿದೆ. ನೂರಹನ್ನೊಂದು ಕುಣಿಕೆ, ಎರಡು ಎಡಭಾಗ, ಬಾಗಿಲು, ಸೀದ ಪಾತ್ರೆ. ಒಂದು ಹೇಳಲು ಹೋಗಿ ಎಲ್ಲ ಬಂತು. ಅವಳು ಸ್ವೆಟರ್ ತೆಗೆಯದೇ ಮಂಚದ ತುದಿಯಲ್ಲಿ ಕೂತಳು.

"ಡಾಕ್ಟರಿಗೆ ತೋರಿಸೋದು ಬಿಟ್ಟು ಸ್ವೆಟರ್ ರಿಪೇರಿ ಮಾಡ್ತಾ ಕೂತ್ರಾ? ಎರಡು ತಿಂಗಳು! ಬೆಂಕಿ ಹತ್ತಿಕೊಂಡಿದ್ರೆ?"

"ಹೆದರಿಕೆಯಾಯ್ತು."

"ಏನಕ್ಕೆ?"

"ನೀನು ಕರ್ಕೊಂಡು ಹೋಗ್ತೀಯ ಅಂತ."

"ಜನ ಆಡ್ಕೋತಾರೆ ಅಂತ ಅನ್ನಿ."

"ಮೊದಲು ಅದೇ ಇತ್ತು" ಅಂದೆ. ಆಮೇಲಿನದು ಬಾಯಿಗೆ ಬರಲಿಲ್ಲ.

ಅತ್ತೆ ಒದ್ದೆ ತಲೆಯಲ್ಲಿ ಬಂದು ನಿಂತು ಇಬ್ಬರ ಮುಖವನ್ನೂ ನೋಡಿದರು. "ಯಾರಾದ್ರೂ ಸತ್ರಾ?" ಅಂದರು.

ಡಿಸೆಂಬರ್ 10, ಮಂಗಳವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರು. ಅತ್ತೆ, "ಕಳೆದು ಕಳೆದು ನಂಗೇನು ಸಿಗುತ್ತೆ? ನೀವೇ ಕಳೀರಿ, ಓದಿದೀರಲ್ಲ" ಅಂದರು. ಡಾಕ್ಟರು ನಕ್ಕರು. ಆಮೇಲೆ ನಮ್ಮನ್ನು ಹೊರಗೆ ಕರೆದು ಹೇಳುವಾಗ ನಗಲಿಲ್ಲ. ಇದು ವಾಸಿಯಾಗುವಂಥದ್ದಲ್ಲ, ನಿಧಾನ ಮಾಡಲು ನೋಡೋಣ, ಮುಂಚೆಯೇ ಬಂದಿದ್ದರೆ ಒಳ್ಳೆಯದಿತ್ತು. ಮುಂಚೆ ಅನ್ನುವಾಗ ಯಾರನ್ನೂ ನೋಡಲಿಲ್ಲ. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಇವರು ಸಂಜೆ ಡ್ಯೂಟಿ ಮುಗಿಸಿ ಬಂದರು. ತಂಗಿ ಹೇಳಿದ್ದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಕೇಳಿದರು. ಒಂದು ಬೂಟು ಬಿಚ್ಚಿದ್ದರು, ಇನ್ನೊಂದು ಹಾಗೇ ಇತ್ತು. "ನಂಗೆ ಗೊತ್ತಿತ್ತು" ಅಂದರು. ಅಷ್ಟೇ ಅಂದದ್ದು. ಇಬ್ಬರಿಗೂ ಗೊತ್ತಿತ್ತು, ಆ ಹದಿನೈದು ಕುಣಿಕೆಯ ಮಾತಾದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದೆವು.

ನಾದಿನಿ ಆಗಲೇ ಹೊರಡೋಣ ಅಂದಳು. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

"ಒಂದು ತೋಳು ಬಾಕಿ ಇದೆ. ಅರ್ಧ ಬಿಟ್ಟು ಎದ್ದು ಬರೋ ಜಾಯಮಾನ ನಂದಲ್ಲ."

"ಅಲ್ಲೇ ಬಂದು ಹೆಣಿ ಅಮ್ಮ."

"ಅಲ್ಲಿ ಈ ಕಿಟಕಿ ಇದೆಯಾ?"

ನಾದಿನಿ ಹೋಗಿ ಆ ಕಿಟಕಿಯಿಂದ ಬೀದಿ ನೋಡಿ ಬಂದಳು. ಆಮೇಲೆ ನನಗೆ ಹೇಳಿದಳು, "ಸರಿ. ಈ ತೋಳು ಮುಗೀಲಿ. ಮಣಿಕಟ್ಟಿಗೆ ಬಂದ ದಿನ ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ತೀನಿ. ಮತ್ತೆ ಅತ್ತಿಗೆ, ಈ ತೋಳನ್ನ ನೀವು ಮುಟ್ಟಬಾರದು. ಒಂದು ಕುಣಿಕೆ ಕೂಡ. ಹೇಗೆ ಬರುತ್ತೋ ಹಾಗೆ ಬರಲಿ, ನಾನು ನೋಡಬೇಕು."

"ಮುಟ್ಟಲ್ಲ."

"ನಿಜವಾಗ್ಲೂ?"

"ಮುಟ್ಟಲ್ಲ ಅಂದ್ನಲ್ಲ" ಅಂದೆ. ಸ್ವಲ್ಪ ಜೋರಾಗಿಯೇ ಬಂತು.

ಡಿಸೆಂಬರ್ 14, ಶನಿವಾರ

ಮುಟ್ಟಿಲ್ಲ. ಒಂದು ಕುಣಿಕೆ ಜಾರಿ ಕೆಳಗೆ ಇಳಿಯುತ್ತಿದೆ, ಏಣಿಯ ಹಾಗೆ. ನೋಡಲಾಗದೆ ಪಾತ್ರೆ ತೊಳೆಯಲು ಹೋದೆ. ತೊಳೆದದ್ದನ್ನೇ ತೊಳೆದೆ.

ಡಿಸೆಂಬರ್ 20, ಶುಕ್ರವಾರ

ಮಾತ್ರೆ ಬೆಳಿಗ್ಗೆ ಒಂದು, ಮಲಗುವಾಗ ಒಂದು. ಗೋಡೆಯ ಮೇಲೆ ಪಟ್ಟಿ ಬರೆದು ಅಂಟಿಸಿ ಗೀಟು ಹಾಕುತ್ತಿದ್ದೇನೆ. ಗ್ಯಾಸಿನ ರೆಗ್ಯುಲೇಟರನ್ನು ಹೊರಡುವ ಮುಂಚೆ ಬಂದ್ ಮಾಡುತ್ತೇನೆ, ಎರಡು ಸಲ ನೋಡುತ್ತೇನೆ. ಮೊದಲು ಏಳು ಸಲ ನೋಡುತ್ತಿದ್ದೆ. ಒಳಗಿನ ಚಿಲಕವನ್ನು ನಾನೇ ಬಿಚ್ಚಿದೆ. ಪಕ್ಕದ ಮನೆಯವರಿಗೆ ಎಲ್ಲ ಹೇಳಿದೆ. ಅವರು "ಅಯ್ಯೋ, ನಮಗೆ ಹೋದ ವರ್ಷವೇ ಅನ್ನಿಸಿತ್ತು" ಅಂದರು. ಒಂದು ಕೀಲಿ ಅವರಲ್ಲಿ ಕೊಟ್ಟೆ.

ಮಧ್ಯಾಹ್ನ ಅತ್ತೆ ಮಲಗಿದಾಗ ಈಗ ನನಗೆ ಕೆಲಸವಿಲ್ಲ. ನಾನೂ ಅವರ ಪಕ್ಕದಲ್ಲಿ ಉರುಳುತ್ತೇನೆ. ನಿದ್ದೆಯಲ್ಲೂ ಬೆರಳು ಆಡುತ್ತಿರುತ್ತದೆ.

ಡಿಸೆಂಬರ್ 29, ಭಾನುವಾರ

ತೋಳು ಮಣಿಕಟ್ಟಿಗೆ ಬಂತು. ಟೇಪು ಹಿಡಿದು ಅಳೆದೆ. ಬಲತೋಳಿಗೆ ಸರಿಸಮ. ಮುಗಿಸುವ ಪಟ್ಟಿ ಹಾಕಬೇಕು ಅತ್ತೆ ಅಂತ ಹೇಳಲು ಬಾಯಿ ತೆಗೆದೆ. ಅವರು ಬೀದಿ ನೋಡುತ್ತಾ ಹೆಣೆಯುತ್ತಿದ್ದರು.

ಹೇಳಲಿಲ್ಲ. ಫೋನೂ ಮಾಡಲಿಲ್ಲ. ನಾಳೆ ಮಾಡುತ್ತೇನೆ.

ಜನವರಿ 2, ಗುರುವಾರ

ನಾಳೆ.

ಜನವರಿ 6, ಸೋಮವಾರ

ತೋಳು ಅಂಗೈ ದಾಟಿದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅತ್ತೆಗೆ ಗೊತ್ತಿಲ್ಲ. ನಾನು ಮುಟ್ಟುವ ಹಾಗಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಹಾಗಾಗಿ ನಿಲ್ಲಿಸುವವರೇ ಇಲ್ಲ. ಇದು ನೆವ ಅಂತ ನನಗೇ ಗೊತ್ತು.

ಇವತ್ತು ಬೆಳಿಗ್ಗೆಯಿಂದ ಊಟದವರೆಗೆ ನಾನು ಯಾರೆಂದು ಗೊತ್ತಾಗಲಿಲ್ಲ ಅವರಿಗೆ. ಅಂಗಡಿಗೆ ಬರಲ್ಲ ಅಂದರು, ನಾನೂ ಹೋಗಲಿಲ್ಲ. ಊಟ ಬಡಿಸಿದಾಗ, "ನೀನೂ ಕೂತ್ಕೋ, ನಿಂತು ನಿಂತು ಕಾಲು ನೋಯಲ್ವಾ? ನಿಮ್ಮನೇಲಿ ನಿಂಗೆ ಯಾರೂ ಹೇಳೋರಿಲ್ವಾ?" ಅಂತ ಕೇಳಿದರು. ಇದ್ದಾರೆ ಅಂದೆ.

ಜನವರಿ 9, ಗುರುವಾರ

ಫೋನ್ ಮಾಡಿದೆ. ಬರೆದುಕೊಂಡು ಮಾಡೋಣ ಅಂತ ಪುಸ್ತಕ ತೆಗೆದಿದ್ದೆ, ಒಂದು ಸಾಲೂ ಬರೆಯಲಿಲ್ಲ, ಹಾಗೇ ಮಾಡಿದೆ.

"ತೋಳು ಮಣಿಕಟ್ಟಿಗೆ ಬಂದು ಹನ್ನೊಂದು ದಿನ ಆಯ್ತು. ಹೇಳಲಿಲ್ಲ ನಾನು. ಈಗ ಹೇಳ್ತಿದೀನಿ."

ಆ ಕಡೆ ಟ್ರಾಲಿ ತಳ್ಳುವ ಸದ್ದು. "ಮತ್ತೆ ಮುಚ್ಚಿಟ್ರಾ?"

"ಹೂಂ. ಇನ್ನೂ ಕೇಳು. ಸೋಮವಾರ ಅರ್ಧ ದಿನ ನನ್ನ ಗುರುತು ಸಿಗಲಿಲ್ಲ. ನಿನ್ನೆ ಒಂದು ಮಾತ್ರೆ ಉಗಿದ್ರು, ಪುಡಿ ಮಾಡಿ ಕೊಟ್ಟೆ. ಎರಡು ಸಲ ಬಟ್ಟೆ ಒದ್ದೆ ಆಯ್ತು. ಇದೆಲ್ಲಾ ನಿಂಗೆ ಗೊತ್ತಿರಲಿ. ಯಾವುದನ್ನೂ ಬಿಟ್ಟಿಲ್ಲ."

"ಸರಿ."

"ಆದ್ರೆ ಕರ್ಕೊಂಡು ಹೋಗಬೇಡ."

"ಭಾನುವಾರ ಬರ್ತೀನಿ. ಅಮ್ಮನ ಬಟ್ಟೆ ಜೋಡಿಸಿಡಿ" ಅಂತ ಇಟ್ಟಳು.

ಜನವರಿ 11, ಶನಿವಾರ

ಜೋಡಿಸಿದೆ. ಒಳಗಿನ ಬಟ್ಟೆ ಎಂಟು ಜೊತೆ, ದಪ್ಪ ಕಾಲುಚೀಲ, ಮಾತ್ರೆ, ಗೋಡೆಯ ಪಟ್ಟಿ. ಬಲಗಿವಿ ಕೇಳುವುದಿಲ್ಲ ಎಡಗಡೆ ನಿಂತು ಮಾತಾಡಬೇಕು, ಟೀ ಅರ್ಧ ಲೋಟ ಸಾಕು ಪೂರ್ತಿ ಕೊಟ್ಟರೆ ಚೆಲ್ಲುತ್ತಾರೆ, ರಸ್ತೆಯಲ್ಲಿ ಕೈ ತಾವಾಗಿಯೇ ಹಿಡಿಯುತ್ತಾರೆ ನಾವು ಹಿಡಿದರೆ ಕೊಸರಿಕೊಳ್ಳುತ್ತಾರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಒಂದು ಹಾಳೆ ಸಾಲಲಿಲ್ಲ. ಮೂರು ಆಯಿತು.

ಇವರು ಬ್ಯಾಗಿನ ಜಿಪ್ಪು ಎಳೆದರು. ಅದು ಸಿಕ್ಕಿಕೊಂಡಿತು. ಇಬ್ಬರೂ ನೆಲದ ಮೇಲೆ ಕೂತು ಬಹಳ ಹೊತ್ತು ಅದನ್ನು ಬಿಡಿಸಿದೆವು.

ಸಂಜೆ ಅತ್ತೆಗೆ, ತೋಳು ಮುಗಿಸೋಣವಾ ಅಂದೆ. "ಮುಗೀತಾ? ಹೇಳೋದಲ್ವಾ!" ಅಂದು, ಕಡ್ಡಿಯಿಂದ ಒಂದೊಂದೇ ಕುಣಿಕೆ ಇಳಿಸಿ ಮುಚ್ಚಿದರು. ಅದರಲ್ಲಿ ಒಂದೂ ತಪ್ಪಲಿಲ್ಲ. ನಾನು ಸ್ವೆಟರಿಗೆ ತೋಳು ಜೋಡಿಸಿ ಹೊಲಿದೆ, ಗುಂಡಿ ಏಳೂ ಹಾಕಿದೆ. ಜೋಡಿಸಬೇಡ ಅಂತ ಅವಳು ಹೇಳಿರಲಿಲ್ಲ.

ಜನವರಿ 12, ಭಾನುವಾರ

ಹತ್ತು ಗಂಟೆಗೆ ನಾದಿನಿ ಬಂದಳು, ಡ್ಯೂಟಿಯಿಂದ ಹಾಗೇ ಯೂನಿಫಾರ್ಮಿನಲ್ಲಿ. ಅತ್ತೆ ಬಾಗಿಲ ತನಕ ಬಂದು, ನನ್ನ ಹಿಂದೆ ನಿಂತು ನನ್ನ ಕಿವಿಯಲ್ಲಿ, "ಈ ನರ್ಸಮ್ಮ ಯಾಕೆ ಬಂದಿದಾಳೆ? 'ಇಲ್ಲಿ ಎಲ್ಲರೂ ಹುಷಾರಾಗಿದಾರೆ' ಅಂತ ಹೇಳು" ಅಂದರು. ನಾದಿನಿಗೆ ಕೇಳಿಸಿತು. ಅವಳು ಚಪ್ಪಲಿ ಬಿಡುತ್ತಿದ್ದಳು, ಒಂದು ಕ್ಷಣ ಬಗ್ಗಿದವಳು ಹಾಗೇ ಇದ್ದಳು.

"ಅಳತೆ ನೋಡೋಕೆ ಬಂದಿದೀನಿ ಅಮ್ಮ" ಅಂದಳು ಆಮೇಲೆ. "ಸ್ವೆಟರ್ ಆಗಿದೆಯಂತಲ್ಲ."

ಅತ್ತೆ ಹಿಗ್ಗಿಹೋದರು. ತಾವೇ ತಂದು ತಾವೇ ಹಾಕಿದರು. ಬಲತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಎಡತೋಳು ಬೆರಳ ತುದಿ ದಾಟಿ ಒಂದು ಗೇಣು ಜೋತುಬಿತ್ತು. ಮಧ್ಯದಲ್ಲಿ ಒಂದು ಕಡೆ ಊದಿಕೊಂಡಿತ್ತು, ಒಂದು ಕಡೆ ಏಣಿ ಬಿದ್ದಿತ್ತು. ನಾದಿನಿ ಅದನ್ನು ಮುಖದ ಹತ್ತಿರ ತಂದು ಒಂದೊಂದು ಸಾಲನ್ನೂ ನೋಡಿದಳು, ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಹಾಗೆ.

"ಕೈ ಚಿಕ್ಕದಾಯ್ತಲ್ಲ ನಿಂದು" ಅಂದರು ಅತ್ತೆ.

"ಹೌದಮ್ಮ, ನನ್ನ ಕೈಯೇ ಚಿಕ್ಕದು." ತೋಳಿನ ತುದಿ ಹಿಡಿದು ಒಂದು ಮಡಿಕೆ ಮಡಚಿದಳು. ಮತ್ತೊಂದು. ಮೂರನೆಯದಕ್ಕೆ ಮಣಿಕಟ್ಟು ಕಂಡಿತು.

ಅಡುಗೆಮನೆಗೆ ಬಂದು ನಾನು ಬರೆದ ಮೂರು ಹಾಳೆಯನ್ನು ನಿಂತೇ ಓದಿದಳು. ಎರಡು ಸಲ ಓದಿದಳು. ಮಡಚಿ ಸ್ವೆಟರಿನ ಒಳಗೆ ಇಟ್ಟುಕೊಂಡಳು.

"ಬಲಗಿವಿ ಕೇಳಲ್ಲ ಅನ್ನೋದು ನಂಗೇ ಗೊತ್ತಿರಲಿಲ್ಲ, ಅತ್ತಿಗೆ."

"ಮೂರು ವರ್ಷ ಆಯ್ತು."

"ನಾನು ಹನ್ನೆರಡು ಗಂಟೆ ವಾರ್ಡಲ್ಲಿರ್ತೀನಿ" ಅಂದಳು. ನನಗೆ ಹೇಳಿದ ಹಾಗಿರಲಿಲ್ಲ. ಮುಖ ತೊಳೆದುಕೊಂಡಳು. "ಪ್ರತಿ ರಾತ್ರಿ ಫೋನ್ ಮಾಡ್ತೀನಿ. ಇದ್ದದ್ದು ಇದ್ದ ಹಾಗೆ ಹೇಳಬೇಕು. ಒಳ್ಳೇದು ಮಾತ್ರ ಹೇಳಿದ್ರೆ ಬಂದು ಎತ್ತಾಕ್ಕೊಂಡು ಹೋಗ್ತೀನಿ."

"ಹೇಳ್ತೀನಿ."

"ನಿಮ್ಮ ಕೈಲಿ ಆಗಲ್ಲ ಅನ್ನಿಸಿದ ದಿನ ಅದನ್ನೂ ಹೇಳಿ."

"ಹೇಳ್ತೀನಿ."

ಮಧ್ಯಾಹ್ನದ ಬಸ್ಸಿಗೆ ಸ್ವೆಟರ್ ಹಾಕಿಕೊಂಡೇ ಹೊರಟಳು. ಬಿಸಿಲಿತ್ತು, ಬೆವರುತ್ತಿದ್ದಳು, ತೆಗೆಯಲಿಲ್ಲ. ಇವರು ನಿಲ್ದಾಣದವರೆಗೆ ಹೋಗಿ ಹತ್ತಿಸಿ ಬಂದರು. ಅತ್ತೆ ಕಿಟಕಿಯ ಹತ್ತಿರ ಕೂತು ಖಾಲಿ ಕಡ್ಡಿ ಹಿಡಿದುಕೊಂಡು, "ನೂಲೆಲ್ಲಿ?" ಅಂದರು. ಉಳಿದಿದ್ದ ಒಂದು ಉಂಡೆ ತಂದು ಮಡಿಲಿಗೆ ಹಾಕಿದೆ.

ಬ್ಯಾಗು ಇನ್ನೂ ಬಾಗಿಲ ಪಕ್ಕದಲ್ಲೇ ಇದೆ. ನಾಳೆ ಬಿಚ್ಚಿ ಬಟ್ಟೆಯೆಲ್ಲ ವಾಪಸು ಬೀರುವಿನಲ್ಲಿ ಇಡಬೇಕು.